ಹೊಡೆದವನೇ ಕಟ್ಟಬೇಕು

ನಾನು ಅವರನ್ನು ಮೊದಲ ಸಲ ಕಂಡಾಗ ಅವರು ಎರಡು ಕೈಯಲ್ಲಿ ಇಬ್ಬರು ಹುಡುಗರ ಅಂಗಿ ಕಾಲರ್ ಹಿಡಿದು ಸ್ಟಾಫ್ ರೂಮಿನೊಳಕ್ಕೆ ಎಳೆದು ತರುತ್ತಿದ್ದರು. ಒಬ್ಬನ ಹುಬ್ಬು ಒಡೆದು ರಕ್ತ ಕಣ್ಣಿಗೆ ಇಳಿಯುತ್ತಿತ್ತು. ಇನ್ನೊಬ್ಬನ ಮುಷ್ಟಿಯಲ್ಲಿ ಇನ್ನೂ ಕಲ್ಲಿತ್ತು. "ಮೇಡಂ, ಸ್ವಲ್ಪ ಕುರ್ಚಿ ಬಿಡಿ" ಎಂದರು. ನಾನು ಕಾಪಿ ತಿದ್ದುತ್ತಿದ್ದವಳು ಎದ್ದು ನಿಂತೆ. ಗಾಯವಾದವನನ್ನು ನನ್ನ ಕುರ್ಚಿಯಲ್ಲಿ ಕೂರಿಸಿದರು, ಕಲ್ಲು ಹಿಡಿದವನ ಮುಷ್ಟಿ ಬಿಡಿಸಿ ಕಲ್ಲನ್ನು ಕಿಟಕಿಯಾಚೆ ಎಸೆದರು, ಅದೇ ಕೈಗೆ ಹತ್ತಿ ತುರುಕಿದರು.

"ಒರೆಸೋ."

ಅವನು ಒರೆಸಲಿಲ್ಲ. ಇವರು ಅವನ ಕಿವಿ ಹಿಂಡಿದರು. ಅವನ ಕಣ್ಣಲ್ಲಿ ನೀರು ಬಂತು, ಕೈ ಮಾತ್ರ ಮುಂದೆ ಬರಲಿಲ್ಲ. "ಹೊಡೆದೋನೇ ಕಟ್ಬೇಕು ಕಣೋ. ಇದು ನನ್ನ ಕಾನೂನು. ಸಂಜೆವರೆಗೂ ನಿಂತಿರ್ತೀಯ? ನಾನೂ ನಿಂತಿರ್ತೀನಿ" ಎಂದರು. ಗಾಯವಾದ ಹುಡುಗನೇ ಕೊನೆಗೆ, "ಬೇಗ ಒರೆಸೋ, ಉರೀತೈತೆ" ಎಂದ. ಆಗ ಅವನು ಒರೆಸಿದ. ನನ್ನ ಮೇಜಿನ ಮೇಲಿದ್ದ ಕಾಪಿಗಳ ಮೇಲೆ ನಾನು ಹಾಕದ ಕೆಂಪು ಗುರುತುಗಳು ಬಿದ್ದವು. ಇಂಥವರ ಜೊತೆ ಕೆಲಸ ಮಾಡುವ ಗ್ರಹಚಾರ ಯಾಕೆ ಬಂತಪ್ಪಾ ಎಂದುಕೊಂಡೆ.

ಅವರು ನಮ್ಮ ಡ್ರಿಲ್ ಮೇಷ್ಟ್ರು. ಹೋದ ತಿಂಗಳು ತೀರಿಕೊಂಡರು. ಹೆಸರು ಬರೆಯುವುದಿಲ್ಲ. ಹೆಸರು ಬರೆದರೆ ಊರು ಯಾವುದೆಂದು ಗೊತ್ತಾಗುತ್ತದೆ, ಊರು ಗೊತ್ತಾದರೆ ಯಾರು ಯಾರಿಗೆ ಹೊಡೆದರು ಎನ್ನುವುದೂ ಗೊತ್ತಾಗುತ್ತದೆ. ಶಿಡ್ಲಘಟ್ಟದಿಂದ ಚಿಂತಾಮಣಿಗೆ ಹೋಗುವ ರಸ್ತೆ ಬಿಟ್ಟು ಒಳಗೆ ಹೋದರೆ ಹಿಪ್ಪುನೇರಳೆ ತೋಟಗಳ ನಡುವೆ ಒಂದು ಸರ್ಕಾರಿ ಹೈಸ್ಕೂಲು ಇತ್ತು, ಅಲ್ಲಿ ನಾನು ಕನ್ನಡ ಕಲಿಸುತ್ತಿದ್ದೆ ಎಂದರೆ ಸಾಕು. ಶಾಲೆಯ ಒಂದು ಕಡೆ ಊರು, ಇನ್ನೊಂದು ಕಡೆ ಕಾಲೋನಿ. ಯಾವ ಕಡೆ ಯಾವ ಜಾತಿಯವರಿದ್ದರು ಎಂದು ಈ ಕಡೆಯ ಓದುಗರಿಗೆ ಬಿಡಿಸಿ ಹೇಳಬೇಕಿಲ್ಲ.

ಅವರು ವರ್ಗವಾಗಿ ಬರುವ ಮೊದಲು ಅಲ್ಲಿ ದೊಡ್ಡ ಗಲಾಟೆ ಆಗಿತ್ತು. ಯಾರೋ ಒಂದು ಫ್ಲೆಕ್ಸ್ ಹರಿದರು. ಅದಕ್ಕೆ ಕಲ್ಲು ತೂರಿದರು. ಕಾಲೋನಿಯಲ್ಲಿ ಎರಡು ಮನೆ ಸುಟ್ಟವು, ಊರಿನಲ್ಲಿ ಒಂದು ರೇಷ್ಮೆ ಮನೆಗೆ ಬೆಂಕಿ ಬಿದ್ದು ಗೂಡು ಕಟ್ಟುವಷ್ಟು ಹಣ್ಣಾಗಿದ್ದ ಹುಳುಗಳೆಲ್ಲ ತಟ್ಟೆಯಲ್ಲೇ ಬೆಂದವು. ಕಾಲೋನಿಯ ಒಬ್ಬನಿಗೆ ಬಲಗಣ್ಣು ಹೋಯಿತು. ಶಾಲೆ ಗೇಟಿನಲ್ಲಿ ಪೊಲೀಸ್ ವ್ಯಾನು ನಿಂತು, ಅದರ ನೆರಳಲ್ಲಿ ಮಕ್ಕಳು ಪ್ರಾರ್ಥನೆ ಮಾಡಿದರು. ಮತ್ತೆ ಕ್ಲಾಸು ಶುರುವಾದಾಗ ಬೆಂಚುಗಳು ತಾವಾಗಿಯೇ ಎರಡು ಪಾಲಾಗಿದ್ದವು. ಹುಡುಗರ ಜಾಮಿಟ್ರಿ ಬಾಕ್ಸಿನಲ್ಲಿ ಕೈವಾರದ ಪಕ್ಕ ಅರ್ಧ ಬ್ಲೇಡುಗಳಿರುತ್ತಿದ್ದವು. ನಾನು ಪಾಠ ಮಾಡುವಾಗ ಬೋರ್ಡಿಗೆ ತಿರುಗಲು ಹೆದರುತ್ತಿದ್ದೆ. ನನ್ನ ಬೆನ್ನಿಗೆ ಯಾರೂ ಏನೂ ಮಾಡುತ್ತಿರಲಿಲ್ಲ, ಬೆನ್ನು ತಿರುಗಿಸಿದಾಗ ಅವರವರೇ ಏನು ಮಾಡಿಕೊಳ್ಳುತ್ತಾರೋ ಎಂದು.

ಅಂಥ ಶಾಲೆಗೆ ಇಲಾಖೆಯವರು ಗೌರಿಬಿದನೂರು ಕಡೆಯಿಂದ ಈ ಮನುಷ್ಯನನ್ನು ಕಳಿಸಿದರು. ದಪ್ಪ ಕುತ್ತಿಗೆ, ಗರಡಿಯಲ್ಲಿ ಸಾಮು ಮಾಡಿದ ಭುಜ, ಮುರಿದು ಕೂಡಿದ ಮೂಗು. ಕೊರಳಲ್ಲಿ ಸೀಟಿ, ಕಂಕುಳಲ್ಲಿ ಹಳೆಯ ಬಿಸ್ಕತ್ತಿನ ಡಬ್ಬ. ಡಬ್ಬದಲ್ಲಿ ಹತ್ತಿ, ಟಿಂಚರ್, ಕತ್ತರಿ, ಹಳೇ ಪಂಚೆ ಹರಿದು ಮಾಡಿದ ಬಟ್ಟೆ ಪಟ್ಟಿಗಳು. ಆ ಪಟ್ಟಿಗಳನ್ನು ಅವರೇ ಬಿಸಿಯೂಟದ ಒಲೆಯ ಮೇಲೆ ಕುದಿಸಿ, ಧ್ವಜಸ್ತಂಭದಿಂದ ಹೊಂಗೆ ಮರಕ್ಕೆ ಕಟ್ಟಿದ ತಂತಿಯಲ್ಲಿ ಒಣಗಿಸುತ್ತಿದ್ದರು. ಗಾಳಿಗೆ ಬಿಳಿ ಪಟ್ಟಿಗಳು ಹಾರಾಡುವುದನ್ನು ನೋಡಿ ಹೊಸ ಶಿಕ್ಷಣಾಧಿಕಾರಿಯೊಬ್ಬರು, "ಇದೇನ್ರೀ ಸ್ಕೂಲಾ ಬಾಣಂತಿ ಮನೆಯಾ" ಎಂದು ಕೇಳಿದ್ದರು.

ಅವರ ಕಾನೂನು ಅಷ್ಟೇ. ಹೊಡೆಯಬೇಡಿ ಎಂದು ಅವರು ಯಾವತ್ತೂ ಹೇಳಿದ್ದನ್ನು ನಾನು ಕೇಳಿಲ್ಲ. ಹೊಡೆದವನೇ ಕಟ್ಟಬೇಕು. ತೊಳೆದು, ಒರೆಸಿ, ಔಷಧಿ ಹಾಕಿ, ಸುತ್ತಿ, ಗಂಟು ಹಾಕಬೇಕು. ಮಾರನೆಯ ದಿನ ಅವನೇ ಬಿಚ್ಚಿ ನೋಡಬೇಕು, ಕೀವಾಗಿದ್ದರೆ ಅವನೇ ತೆಗೆಯಬೇಕು. ಹುಡುಗಿಯರನ್ನೂ ಬಿಟ್ಟಿರಲಿಲ್ಲ. ಜಡೆ ಎಳೆದವಳು ಎಳೆಸಿಕೊಂಡವಳ ತಲೆ ಬಾಚಿ ಜಡೆ ಹೆಣೆಯಬೇಕಿತ್ತು. ಆ ಡ್ಯೂಟಿ ನನ್ನ ತಲೆಗೆ ಬಂತು. ಊರಿನ ಹುಡುಗಿ ಕಾಲೋನಿ ಹುಡುಗಿಯ ತಲೆಗೆ ಬೆರಳು ಸೋಕಿಸದೆ ಬಾಚಣಿಗೆಯ ತುದಿಯಿಂದಲೇ ಜಡೆ ಹೆಣೆಯಲು ಒದ್ದಾಡುವುದನ್ನು ನೋಡಿ ನಗಬೇಕೋ ಅಳಬೇಕೋ ತಿಳಿಯುತ್ತಿರಲಿಲ್ಲ. ಬೆರಳಿಲ್ಲದೆ ಜಡೆ ಹೆಣೆಯುವುದಕ್ಕೆ ಆಗುವುದಿಲ್ಲ.

ನನಗೆ ಈ ಪದ್ಧತಿಯ ಮೇಲೆ ಪೂರ್ತಿ ನಂಬಿಕೆ ಬರಲಿಲ್ಲ ಎಂದು ಈಗಲೂ ಹೇಳುತ್ತೇನೆ. ಮಕ್ಕಳ ಮೇಲೆ ಕೈ ಮಾಡಬಾರದೆಂದು ಕಾನೂನಿದೆ, ಇವರು ದಿನಾ ಒಬ್ಬನ ಕಿವಿ ಹಿಂಡುತ್ತಿದ್ದರು. ನಾನು ಜಗಳಕ್ಕೇ ಹೋಗಿದ್ದೇನೆ. "ನೀವು ಹಿಂಡಿದ ಕಿವಿಗೆ ಯಾರು ಮುಲಾಮು ಹಚ್ತಾರೆ?" ಎಂದು ಕೇಳಿದರೆ, "ನಾನೇ ಹಚ್ಚಿದೀನಿ, ಕೇಳಿ ಬೇಕಾದ್ರೆ" ಎನ್ನುತ್ತಿದ್ದರು. ವಿಚಾರಿಸಿದೆ. ನಿಜವಾಗಿ ಹಚ್ಚಿದ್ದರು.

ಒಮ್ಮೆ ಚಿಕ್ಕಬಳ್ಳಾಪುರದಲ್ಲಿ ನಮಗೆ ಶಾಂತಿಗಾಗಿ ಶಿಕ್ಷಣ ಎಂದು ತರಬೇತಿ ಇಟ್ಟಿದ್ದರು. ಚಾರ್ಟಿನ ಮೇಲೆ ಪಾರಿವಾಳ ಬರೆಸಿದರು, ಕೈ ಕೈ ಹಿಡಿದು ಹಾಡಿಸಿದರು. ಊಟವಾದ ಮೇಲೆ ಇವರು ಹಿಂದಿನ ಸಾಲಿನಲ್ಲಿ ಗೊರಕೆ ಹೊಡೆದರು. ಎಬ್ಬಿಸಿ, ಶಾಂತಿ ಎಂದರೆ ನಿಮ್ಮ ಪ್ರಕಾರ ಏನು ಎಂದು ಕೇಳಿದಾಗ ಕಣ್ಣುಜ್ಜಿಕೊಂಡು, "ಅದು ನಂಗೊತ್ತಿಲ್ಲ ಸಾರ್. ರಕ್ತ ನಿಲ್ಸೋದು ಗೊತ್ತು" ಎಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ವಾಪಸು ಬರುವಾಗ ಬಸ್ಸಿನಲ್ಲಿ ಅವರು ನನ್ನ ಪಕ್ಕದ ಸೀಟು ಬಿಟ್ಟು ಹಿಂದೆ ಹೋಗಿ ಕೂತರು.

ಅವರ ಕಾನೂನಿಗೆ ತಕರಾರು ಬರುವುದು ಇದ್ದೇ ಇತ್ತು. ಮೊದಲು ಬಂದವರು ಊರಿನ ಹಿರಿಯರು. ಮುಂದಾಳು ಹರೀಶನ ಅಪ್ಪ. ಹರೀಶ ಒಂಬತ್ತನೇ ಕ್ಲಾಸಿನ ಹುಡುಗ, ಸುಟ್ಟುಹೋದ ರೇಷ್ಮೆ ಮನೆ ಅವರದೇ. ಹೆಡ್‌ಮಾಸ್ಟರ್ ಹೆದರಿ ಎದ್ದು ನಿಂತು ಟೀ ತರಿಸಿದರು. ಹರೀಶನ ಅಪ್ಪ ಟೀ ಮುಟ್ಟದೆ ಹೇಳಿದ: "ಹುಡುಗ್ರು ಅಂದ್ಮೇಲೆ ಹೊಡೆದಾಡ್ತಾರೆ ಸಾರ್, ಹೊಡೆದಾಡ್ಕೊಳ್ಲಿ. ನಾವು ಬೇಡ ಅನ್ನಲ್ಲ. ಈ ಮುಟ್ಸೋದು ಯಾಕೆ?"

"ಹೊಡಿಯೋವಾಗ ಮುಟ್ಟಲ್ವಾ?" ಎಂದರು ನಮ್ಮ ಮೇಷ್ಟ್ರು.

"ಅದು ಬೇರೆ."

"ಹೆಂಗೆ ಬೇರೆ? ಹೇಳ್ಕೊಡಿ, ನಾನೂ ಕಲೀತೀನಿ."

ಅವನು ಇವರನ್ನು ಮೇಲಿಂದ ಕೆಳಗೆ ನೋಡಿ, "ಮೇಷ್ಟ್ರೇ, ನಿಮ್ಮ ಮನೆದೇವ್ರು ಯಾವ್ದು?" ಎಂದ. ನಮ್ಮ ಕಡೆ ಜಾತಿ ಕೇಳುವ ಮರ್ಯಾದಸ್ಥ ದಾರಿ ಅದು. ಇವರು ಕೊರಳಿನ ಸೀಟಿ ಎತ್ತಿ ತೋರಿಸಿದರು. ಊರಿನವರು ಇವರನ್ನು ತಮ್ಮವರೇ ಅಥವಾ ತಮಗೆ ಹತ್ತಿರದವರು ಎಂದುಕೊಂಡಿದ್ದರು. ಕಾಲೋನಿಯವರೂ ಹಾಗೆಯೇ ಎಂದುಕೊಂಡು ದೂರ ಇಟ್ಟಿದ್ದರು. ನನಗೂ ಗೊತ್ತಿರಲಿಲ್ಲ, ಗೊತ್ತು ಮಾಡಿಕೊಳ್ಳಬೇಕೆಂಬ ಚಪಲ ಮಾತ್ರ ಇತ್ತು.

ಆಮೇಲೆ ಬಂದವಳು ಕಾಲೋನಿಯ ಮುನಿರಾಜುವಿನ ಅಮ್ಮ. ಅವನೂ ಹರೀಶನ ಕ್ಲಾಸಿನವನೇ. ಕಣ್ಣು ಕಳೆದುಕೊಂಡವನು ಅವಳ ಮೈದುನ. ಒಳಗೆ ಬರದೆ ಬಾಗಿಲಲ್ಲೇ ನಿಂತು ಹೇಳಿದಳು: "ಅವ್ರ ರಕ್ತ ನಮ್ಮ ಹುಡುಗ ಯಾಕೆ ಒರೆಸ್ಬೇಕು ಸಾ? ನಮ್ಮ ಅತ್ತೆ ಒರೆಸವ್ಳೆ, ನಾನು ಅವ್ರ ಕೊಟ್ಟಿಗೆ ಬಾಚಿವ್ನಿ. ಇನ್ನೂ ಸಾಲ್ದಾ?"

ಊರಿನವರಿಗೆ ಪಟಪಟನೆ ಉತ್ತರ ಕೊಟ್ಟಿದ್ದ ಮನುಷ್ಯ ಈಗ ಎದ್ದು ಬಾಗಿಲವರೆಗೆ ಹೋದರು. "ನೀನು ಹೇಳೋದು ಸರಿ ಕಣಮ್ಮ" ಎಂದರು. "ಆದ್ರೆ ಹೊಡೆದಿದ್ದು ಇವನೇ ಅಲ್ವಾ. ಊರಿನವನು ಹೊಡೆದಾಗ ಅವನ ಕೈಲಿ ಇವನಿಗೆ ಕಟ್ಟುಸ್ದೇ ಇದ್ರೆ ಬಂದು ನನ್ನ ಕಪಾಳಕ್ಕೆ ಹೊಡಿ." ಅವಳು ತಲೆಯಾಡಿಸದೆ ಹೋದಳು. ಅವತ್ತು ಮಧ್ಯಾಹ್ನ ಅವರು ಊಟ ಮಾಡಲಿಲ್ಲ.

ಮಾರನೆಯ ವರ್ಷ, ಹತ್ತನೇ ಕ್ಲಾಸಿನ ಹುಡುಗರು ಖೋಖೋ ಆಡುತ್ತಿದ್ದಾಗ ಅದು ನಡೆಯಿತು. ಹರೀಶ ಅಟ್ಟಿಸಿಕೊಂಡು ಬರುತ್ತಿದ್ದ, ಮುನಿರಾಜು ಓಡುತ್ತಿದ್ದ. ಖೋಖೋದಲ್ಲಿ ಓಡುವವನನ್ನು ಕೈಯಿಂದ ಮುಟ್ಟಿದರೆ ಔಟು. ಹರೀಶ ಅವನನ್ನು ಕಂಬದ ಹತ್ತಿರ ಅಡ್ಡಗಟ್ಟಿದ, ಕೈ ಚಾಚಿದವನು ಹಿಂದಕ್ಕೆಳೆದುಕೊಂಡು ಕಾಲಿನಿಂದ ಒದ್ದ. "ಔಟ್" ಎಂದ. ಅವನ ಕಡೆಯವರು ನಕ್ಕರು. ಮಣ್ಣಿನಿಂದ ಎದ್ದ ಮುನಿರಾಜುವಿನ ಕೈಯಲ್ಲಿ ದಪ್ಪ ಕಲ್ಲಿತ್ತು. ಹರೀಶನ ನೆತ್ತಿ ಸೀಳಿ ಅಂಗಿಯ ಬೆನ್ನೆಲ್ಲ ಕ್ಷಣದಲ್ಲಿ ಒದ್ದೆಯಾಯಿತು.

ಮೇಷ್ಟ್ರು ಇಬ್ಬರನ್ನೂ ಸ್ಟಾಫ್ ರೂಮಿಗೆ ತಂದರು. "ಗಟ್ಟಿಯಾಗಿ ಒತ್ತು, ಆಮೇಲೆ ಸುತ್ತು" ಎಂದು ಮುನಿರಾಜುವಿಗೆ ಹೇಳಿ, ಹೆಡ್‌ಮಾಸ್ಟರಿಗೆ ಆಂಬುಲೆನ್ಸಿಗೆ ಫೋನ್ ಮಾಡಲು ಹೇಳಿದರು. ಆಂಬುಲೆನ್ಸಿಗೆ ಮೊದಲು ಊರಿಗೆ ಯಾರೋ ಫೋನ್ ಮಾಡಿದ್ದರು. ಬೈಕುಗಳು ಗೇಟು ದಾಟಿ ಸೀದಾ ಜಗಲಿಗೇ ಬಂದವು. ಮುಂದೆ ಹರೀಶನ ಅಪ್ಪ, ಕೈಯಲ್ಲಿ ಗುದ್ದಲಿಯ ಮರದ ಕಾವು.

ಮೇಷ್ಟ್ರು ಬಾಗಿಲಿಗೆ ಹೋಗಿ ನಿಂತರು. ನಾನು ಒಳಗೆ ಇಬ್ಬರು ಹುಡುಗರ ಜೊತೆ ಇದ್ದೆ.

"ಏಮಯ್ಯಾ, ದಾರಿ ಬಿಡು. ಆ ನನ್ಮಗನ್ನ ಹೊರಗೆ ಹಾಕು."

"ಕಟ್ತಾವ್ನೆ. ಕಟ್ಟಿ ಮುಗಿಸ್ಲಿ, ಆಮೇಲೆ ಮಾತಾಡಣ."

"ತಲೆ ಒಡೆದೋನ ಕೈಲೇ ನನ್ನ ಮಗನ ತಲೆ ಮುಟ್ಟಿಸ್ತೀಯ?"

ಮೊದಲ ಏಟು ಎಡಭುಜಕ್ಕೆ ಬಿತ್ತು. ಒಣಗಿದ ಸೌದೆ ಮುರಿದ ಸದ್ದಾಯಿತು. ಅವರು ಎರಡು ಕೈಯಿಂದ ಬಾಗಿಲ ಚೌಕಟ್ಟು ಹಿಡಿದುಕೊಂಡಿದ್ದರು, ಎಡಗೈ ಅಲ್ಲಿಂದ ಜಾರಿ ಕೆಳಗೆ ಬಿತ್ತು. ಬಲಗೈ ಬಿಡಲಿಲ್ಲ. ಮುಂದಿನ ಏಟು ತಲೆಗೆ, ಮತ್ತೊಂದು ಬೆನ್ನಿಗೆ. ಗರಡಿಯ ಮನುಷ್ಯ ಅವರು, ಒಂದು ಕೈಯಲ್ಲೇ ಇಬ್ಬರನ್ನು ಕೆಡವಬಲ್ಲವರು. ತಿರುಗಿ ಹೊಡೆಯಲಿಲ್ಲ. ಒಳಗೆ ಮುನಿರಾಜು ಬಾಗಿಲ ಕಡೆ ತಿರುಗಿದ, ಪಟ್ಟಿ ಜಾರಿತು. ಏಟು ತಿನ್ನುತ್ತಲೇ ಅವರು ಕೂಗಿದರು: "ನಿಲ್ಲಿಸ್ಬೇಡ. ಸುತ್ತೋ."

ನಾನು ಕಿರುಚುತ್ತಿದ್ದೆ. ಏನು ಕಿರುಚಿದೆನೋ ನೆನಪಿಲ್ಲ. ನೆನಪಿರುವುದು ಹರೀಶ ಮಾಡಿದ್ದು. ಅವನು ತಲೆ ಅಲುಗಿಸದೆ ಕೂತು, ನಡುಗುತ್ತಿದ್ದ ಮುನಿರಾಜುವಿನ ಮಣಿಕಟ್ಟನ್ನು ತನ್ನ ಕೈಯಿಂದ ಹಿಡಿದುಕೊಂಡ. ಅವನು ಹಾಗೆ ಹಿಡಿದುಕೊಂಡೇ ಇದ್ದ, ಇವನು ಸುತ್ತಿ ಗಂಟು ಹಾಕಿದ.

ಪೊಲೀಸರ ಜೀಪು ಬರುತ್ತಿದೆ ಎಂದು ಯಾರೋ ಕೂಗಿದ ಮೇಲೆ ಹೊಡೆತ ನಿಂತಿತು. ಮೇಷ್ಟ್ರು ನನ್ನ ಕುರ್ಚಿಯನ್ನು ಬಲಗೈಯಲ್ಲಿ ಎಳೆದುಕೊಂಡು ಹೋಗಿ ಹೊಂಗೆ ಮರದ ಕೆಳಗೆ ಹಾಕಿಕೊಂಡು ಕೂತರು. ಕಿವಿಯ ಹಿಂದಿನಿಂದ ರಕ್ತ ಸುರಿದು ಬನಿಯನ್ನು ನೆನೆಸುತ್ತಿತ್ತು. ನಾನು ಡಬ್ಬ ತಂದೆ. "ದೂರ ಇರಿ ಮೇಡಂ. ನೀವು ಹೊಡೆದಿಲ್ಲ" ಎಂದರು. ಜೀಪು ಬಂತು, ಆಂಬುಲೆನ್ಸು ಬಂತು. ಯಾರಿಗೂ ಮೈ ಮುಟ್ಟಗೊಡಲಿಲ್ಲ. "ಹೊಡೆದೋನು ಬರ್ಲಿ" ಎನ್ನುವುದೊಂದೇ ಮಾತು. ಇದೂ ಒಂದು ಥರದ ಹೊಡೆತವೇ ಎಂದು ನನಗೆ ಆಗ ಅನಿಸಿತು. ಶಾಲೆಯ ಮಕ್ಕಳೆಲ್ಲ ನೋಡುತ್ತಿರುವಾಗ ರಕ್ತ ಸುರಿಸಿಕೊಂಡು ಕೂತು ಒಬ್ಬ ಮನುಷ್ಯನನ್ನು ಕರೆಯುವುದು.

ಹರೀಶನ ಅಪ್ಪ ಗೇಟಿನ ಹತ್ತಿರ ನಿಂತಿದ್ದ. ಹೋಗಲೂ ಇಲ್ಲ, ಬರಲೂ ಇಲ್ಲ. ಆಗ ಹರೀಶ ನನ್ನ ಕೈಯಿಂದ ಡಬ್ಬ ತೆಗೆದುಕೊಂಡು, ತಲೆಗೆ ಸುತ್ತಿದ ಬಿಳಿ ಪಟ್ಟಿಯೊಂದಿಗೆ ಗೇಟಿನವರೆಗೆ ನಡೆದ. ಅಪ್ಪನ ಮುಂದೆ ಡಬ್ಬ ಹಿಡಿದು, "ಕಟ್ಟಪ್ಪ" ಎಂದ.

ಅಪ್ಪ ಅವನ ಕೆನ್ನೆಗೆ ಬಾರಿಸಿದ ಸದ್ದು ಮೈದಾನದ ಈ ತುದಿಗೆ ಕೇಳಿಸಿತು. ಡಬ್ಬ ಉರುಳಿ ಪಟ್ಟಿಗಳೆಲ್ಲ ಮಣ್ಣುಪಾಲಾದವು. ಹುಡುಗ ಕೆಳಕ್ಕೆ ಬಿದ್ದ. ತಲೆಯ ಪಟ್ಟಿ ಮಾತ್ರ ಬಿಚ್ಚಲಿಲ್ಲ, ಮುನಿರಾಜು ಚೆನ್ನಾಗಿ ಕಟ್ಟಿದ್ದ. ಹರೀಶನ ಅಪ್ಪ ಬೈಕು ಹತ್ತಿ ಹೊರಟುಹೋದ. ಮೇಷ್ಟ್ರು ಕುರ್ಚಿಯಿಂದ ಜಾರಿ ಬಿದ್ದರು, ಪ್ರಜ್ಞೆ ಇರಲಿಲ್ಲ. ಆಮೇಲೆಯೇ ಅವರನ್ನು ಸ್ಟ್ರೆಚರಿಗೆ ಹಾಕಲು ಆದದ್ದು.

ಚಿಕ್ಕಬಳ್ಳಾಪುರದ ಆಸ್ಪತ್ರೆಯಲ್ಲಿ ಪೊಲೀಸರು ಹೇಳಿಕೆ ಕೇಳಿದರು. ಇವರು ಹೆಸರು ಹೇಳಲಿಲ್ಲ. ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ನಾನು ನೋಡಿದ್ದನ್ನು ನೋಡಿದ ಹಾಗೆ ಹೇಳಿದೆ, ಇವರೇ ದೂರು ಕೊಡದ ಮೇಲೆ ಅದು ಎಲ್ಲಿಗೂ ಮುಟ್ಟಲಿಲ್ಲ. "ದೊಡ್ಡ ಮನಸ್ಸು ತೋರಿಸ್ತಾ ಇದೀರಾ?" ಎಂದು ಹಾಸಿಗೆಯ ಪಕ್ಕ ನಿಂತೇ ಬೈದೆ.

"ಮನಸ್ಸೂ ಇಲ್ಲ, ಮಣ್ಣೂ ಇಲ್ಲ. ಕ್ಷಮಿಸಿದೀನಿ ಅಂದ್ಕೋಬೇಡಿ. ಕೇಸು ಹಾಕಿದ್ರೆ ಆರು ತಿಂಗಳು ಜೈಲಿಗೋಗಿ ಬಂದು ಮುಗೀತು ಅಂದ್ಕೊಂಬಿಡ್ತಾನೆ. ಮುಗಿಬಾರ್ದು. ಅವನು ಕಟ್ಟೋವರ್ಗೂ ಮುಗಿಬಾರ್ದು."

"ತಿರುಗಿ ಯಾಕೆ ಹೊಡೀಲಿಲ್ಲ?"

"ಹೊಡೆದಿದ್ರೆ ನಾನೂ ಕಟ್ಬೇಕಾಗ್ತಿತ್ತಲ್ಲ. ಒಂದ್ಕೈಲಿ ಹೆಂಗೆ ಕಟ್ಲಿ?" ಎಂದು ನಗಲು ಹೋಗಿ ನೋವಿಗೆ ಮುಖ ಕಿವುಚಿದರು.

ಮೂಳೆ ಸೊಟ್ಟಗೆ ಕೂಡಿತು. ಎಡಗೈ ಮತ್ತೆ ಭುಜದ ಮೇಲಕ್ಕೆ ಏಳಲಿಲ್ಲ. ಎರಡು ಕೈ ಎತ್ತಿಸುವ ವ್ಯಾಯಾಮಕ್ಕೆ ಒಂದೇ ಕೈ ಎತ್ತಿ ತೋರಿಸುತ್ತಿದ್ದರು, ಮೊದಮೊದಲು ಮಕ್ಕಳೆಲ್ಲ ಒಂದೇ ಕೈ ಎತ್ತುತ್ತಿದ್ದರು. ವರ್ಷ ಕಳೆಯುವುದರೊಳಗೆ ಅವರನ್ನು ಗೌರಿಬಿದನೂರು ತಾಲ್ಲೂಕಿಗೇ ವಾಪಸು ಹಾಕಿದರು.

ಅವರಿಂದ ಆ ಊರು ಬದಲಾಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಕೆಲವು ವರ್ಷಗಳ ನಂತರ ಚುನಾವಣೆ ಕಾಲದಲ್ಲಿ ಮತ್ತೆ ಕಲ್ಲು ತೂರಾಟ ಆಯಿತು, ಮತ್ತೆ ವ್ಯಾನು ಬಂತು. ಆ ಸಲ ಆಂಬುಲೆನ್ಸ್ ಬರುವಷ್ಟರಲ್ಲಿ ಎರಡು ಕಡೆಯ ಗಾಯಾಳುಗಳಿಗೂ ಪಟ್ಟಿ ಬಿದ್ದಿತ್ತು ಎಂದು ಶಿಡ್ಲಘಟ್ಟ ಆಸ್ಪತ್ರೆಯ ನರ್ಸ್ ಒಬ್ಬರು ನನಗೆ ಹೇಳಿದರು. ನೀಟಾದ ಗಂಟುಗಳು, ಯಾರು ಕಟ್ಟಿದರೆಂದು ಗಾಯಾಳುಗಳು ಬಾಯಿ ಬಿಡಲಿಲ್ಲವಂತೆ. ನಾನು ಇದನ್ನು ಫೋನಿನಲ್ಲಿ ಮೇಷ್ಟ್ರಿಗೆ ಹೇಳಿದೆ. ಕೇಳಿಸಿಕೊಂಡು, ಪ್ರತಿ ಸಲ ಕೇಳುವುದನ್ನೇ ಕೇಳಿದರು: "ಅವನು ಏನಾದ್ರೂ ಅಂದ್ನಾ?" ಹರೀಶನ ಅಪ್ಪ ಏನೂ ಅಂದಿಲ್ಲ ಎಂದೆ. "ಸರಿ ಬಿಡಿ, ಇನ್ನೂ ಟೈಮೈತೆ" ಎಂದರು.

ಟೈಮಿರಲಿಲ್ಲ. ಹೋದ ತಿಂಗಳು ಪೆರೇಸಂದ್ರದಿಂದ ಹರೀಶ ಫೋನ್ ಮಾಡಿದ. ಅಲ್ಲಿ ಹೈವೇ ಪಕ್ಕ ಅವನ ಟೈರ್ ಅಂಗಡಿಯಿದೆ. "ಮೇಡಂ, ಡ್ರಿಲ್ ಮೇಷ್ಟ್ರು ಹೋಗ್ಬಿಟ್ರು. ಹಾರ್ಟು. ಕಾರು ತರ್ತೀನಿ, ರೆಡಿಯಾಗಿರಿ." ಕಾರು ಚಿಕ್ಕಬಳ್ಳಾಪುರದ ನನ್ನ ಮನೆ ಮುಂದೆ ನಿಂತಾಗ ಮುಂದಿನ ಸೀಟಿನಲ್ಲಿ ಅವನ ಅಪ್ಪ ಕೂತಿದ್ದ. ತಲೆ ಪೂರ್ತಿ ಬೆಳ್ಳಗಾಗಿತ್ತು. ನನಗೆ ನಮಸ್ಕಾರ ಮಾಡಿದ, ನಾನು ತಿರುಗಿ ಮಾಡಲಿಲ್ಲ. ಹಿಂದಿನ ಸೀಟಿಗೆ ಹತ್ತಿದೆ.

ಗೌರಿಬಿದನೂರು ದಾಟಿ ಅವರ ಹಳ್ಳಿ ಸೇರಿದಾಗ ಹರೀಶ ಕಾರು ನಿಲ್ಲಿಸಿ ಹೋಟೆಲಿನವನನ್ನು ಕೇಳಿದ, ಮೇಷ್ಟ್ರ ಮನೆ ಎಲ್ಲಿ ಎಂದು. "ತೀರೋದ್ರಲ್ಲ, ಕಾಲೋನಿ ಮೇಷ್ಟ್ರು, ಅವರದಾ?" ಎಂದು ಅವನು ಆಚೆ ಕಡೆಗೆ ಕೈ ತೋರಿಸಿದ.

ಹರೀಶ ಗೇರು ಹಾಕದೆ ಅಪ್ಪನನ್ನು ನೋಡಿದ. ನಾನೂ ಹಿಂದಿನಿಂದ ಆ ಬೆಳ್ಳಗಿನ ತಲೆಯನ್ನು ನೋಡಿದೆ. ಕಾರು ತಿರುಗಿಸು ಎನ್ನಲಿ ಎಂದು ನಾನು ಕಾದೆ, ಹಾಗಂದಿದ್ದರೆ ಅವನನ್ನು ದ್ವೇಷಿಸುವುದು ನನಗೆ ಸುಲಭವಾಗುತ್ತಿತ್ತು. ಅವನು ಕಿಟಕಿಯಾಚೆ ನೋಡುತ್ತಲೇ, "ನಡಿಯಪ್ಪ" ಎಂದ.

ಮನೆಯ ಮುಂದೆ ಹೆಣಕ್ಕೆ ಸ್ನಾನ ಮಾಡಿಸುತ್ತಿದ್ದರು. ರಾತ್ರಿ ಗದ್ದಕ್ಕೆ, ಹೆಬ್ಬೆರಳಿಗೆ ಕಟ್ಟಿದ್ದ ಕಟ್ಟುಗಳನ್ನೆಲ್ಲ ಬಿಚ್ಚಿದ್ದರು. ಬರಿಮೈಯಲ್ಲಿ ಆ ಸೊಟ್ಟ ಭುಜ ಎಲ್ಲರಿಗೂ ಕಾಣುತ್ತಿತ್ತು. ನೀರು ಒರೆಸಿದ ಮೇಲೆ ಅವರ ಹೆಂಡತಿ ಒಂದು ಹಳೇ ಪಂಚೆಯಿಂದ ಎರಡು ಪಟ್ಟಿ ಹರಿದರು. ಒಂದನ್ನು ಗದ್ದದಿಂದ ತಲೆಗೆ ಸುತ್ತಿ ಕಟ್ಟಿದರು. ಇನ್ನೊಂದನ್ನು ಹಿಡಿದು, ಕಾಲಿನ ಹೆಬ್ಬೆರಳು ಎರಡನ್ನೂ ಸೇರಿಸಿ ಕಟ್ಟಲು ಬಗ್ಗಿದಾಗ ಹರೀಶನ ಅಪ್ಪ ಜನರನ್ನು ಸರಿಸಿಕೊಂಡು ಮುಂದೆ ಹೋದ. ಪಾದಗಳ ಹತ್ತಿರ ಕೆಸರಿನಲ್ಲೇ ಮಂಡಿಯೂರಿದ.

"ಕೊಡಮ್ಮ. ನಾನು ಕಟ್ತೀನಿ."

ಆಕೆ ಗುರುತಿಲ್ಲದ ಮುಖವನ್ನು ನೋಡಿದರು. "ನೀವ್ಯಾರಪ್ಪಾ?"

"ಹೊಡೆದೋನಮ್ಮ" ಎಂದ.

ಆಕೆಯ ಕಣ್ಣು ಗಂಡನ ಸೊಟ್ಟ ಭುಜಕ್ಕೆ ಹೋಯಿತು. ನನಗೆ ಕೂಗಿ ಕೇಳಬೇಕೆನಿಸಿತು, ಆ ಮನುಷ್ಯ ರಕ್ತ ಸುರಿಸಿಕೊಂಡು ಕರೆದಾಗ ನಾಲ್ಕು ಹೆಜ್ಜೆ ಬರಲಾಗಲಿಲ್ಲವಲ್ಲ ನಿನಗೆ ಎಂದು. ಆಕೆ ಪಟ್ಟಿಯನ್ನು ಅವನ ಕೈಯಲ್ಲಿಟ್ಟರು. ಅವನಿಗೆ ಕಟ್ಟಲು ಬರುತ್ತಿರಲಿಲ್ಲ. ಗಂಟು ಎರಡು ಸಲ ಬಿಚ್ಚಿಹೋಯಿತು. ಹರೀಶ ಪಕ್ಕದಲ್ಲಿ ಕೂತು, ಅಪ್ಪನ ಮಣಿಕಟ್ಟು ಹಿಡಿದುಕೊಂಡು, "ಗಟ್ಟಿಯಾಗಿ ಒತ್ತಪ್ಪ, ಆಮೇಲೆ ಸುತ್ತು" ಎಂದ.